ಸ್ಪರ್ಧೆಯ ಬಯಲಿನಲ್ಲಿ ಒಂದು ದಿನದ ಸೈಕಲ್ ಅಂಗಡಿ: ಲೆಕ್ಕ ತಪ್ಪುವುದೆಲ್ಲಿ?

ಚಾಮರಾಜನಗರ ಮತ್ತು ಗುಂಡ್ಲುಪೇಟೆಗಳ ನಡುವಣ ಉಡಿಗಾಲದಂತಹ ಊರುಗಳಲ್ಲಿ ಸೈಕಲ್ ಅಂಗಡಿ ಎಂದೊಡನೆ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. ಬಾಗಿಲ ಬಳಿ ಪಂಕ್ಚರ್ ನೋಡುವ ನೀರಿನ ಬಾಣಲೆ, ಪಕ್ಕದಲ್ಲಿ ಗಾಳಿ ಪಂಪು, ಗೋಡೆಯ ಮೊಳೆಗೆ ತೂಗುಹಾಕಿದ ಟೈರುಗಳು. ಹೊಲಕ್ಕೆ ಹೋಗುವ ರೈತರು, ಹಾಲು ಹಾಕುವವರು, ಶಾಲೆಯ ಮಕ್ಕಳು ಅದರ ಗಿರಾಕಿಗಳು. 2006-07ರಲ್ಲಿ ರಾಜ್ಯ ಸರ್ಕಾರವು 8ನೇ ತರಗತಿಯ ವಿದ್ಯಾರ್ಥಿಗಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿದಾಗ ಆ ಸೈಕಲ್‌ಗಳ ದುರಸ್ತಿಯೂ ಇಂತಹ ಅಂಗಡಿಗಳ ಪಾಲಿಗೇ ಬಂದಿತು. ಮನೆಮನೆಗೂ ಮೋಟಾರು ಬೈಕು ಬಂದ ಮೇಲೆ ಈ ಕಸುಬು ಕ್ಷೀಣಿಸಿತೆಂಬುದು ವಿವರಿಸಬೇಕಾದ ಸಂಗತಿಯಲ್ಲ.

ಆದರೆ ಇದೇ ಸೀಮೆಯ ರಸ್ತೆಗಳಲ್ಲಿ ಬೇರೊಂದು ಬಗೆಯ ಸವಾರ ಕಾಣಿಸಿಕೊಂಡು ಬಹಳ ವರ್ಷಗಳಾದವು. 2008ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ನಡೆದ ‘ಟೂರ್ ಆಫ್ ನೀಲಗಿರೀಸ್’ ಸೈಕಲ್ ಯಾತ್ರೆಯು ಮೈಸೂರು, ಗುಂಡ್ಲುಪೇಟೆ, ಬಂಡೀಪುರ, ಊಟಿಯ ದಾರಿಯನ್ನು ದೇಶದ ಸವಾರರಿಗೆ ಪರಿಚಯಿಸಿತು. ಅದು ಸ್ಪರ್ಧೆಗಿಂತ ಹೆಚ್ಚಾಗಿ ಪ್ರವಾಸವೇ ಆದರೂ, ಮಸಿನಗುಡಿಯಿಂದ ಊಟಿಯತ್ತ ಏರುವ 36 ತಿರುವುಗಳ ಕಲ್ಹಟ್ಟಿ ಘಟ್ಟದಲ್ಲಿ ಸವಾರರು ಸಮಯದೊಡನೆ ಪೈಪೋಟಿ ನಡೆಸುತ್ತಾರೆ. ಬೆಂಗಳೂರಿನಲ್ಲಿ ಹವ್ಯಾಸಿಗಳ ಚಾಂಪಿಯನ್‌ಷಿಪ್, ಮೈಸೂರಿನಲ್ಲಿ ದಸರಾ ಅಂಗವಾಗಿ ನಡೆಯುವ ಸೈಕಲ್ ಸ್ಪರ್ಧೆ, 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕಾದ ‘ಬ್ರೆವೆ’ ದೂರಸವಾರಿಗಳು, ಇವೆಲ್ಲ ಇಂದು ಸಾಮಾನ್ಯವಾಗಿವೆ. ಉತ್ತರ ಕರ್ನಾಟಕದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿಯಂತೂ ಜಾತ್ರೆಯ ಸೈಕಲ್ ಶರ್ಯತ್ತು ಹಳೆಯ ರೂಢಿ. ರಾಜ್ಯದ ಅನೇಕ ಹೆಸರಾಂತ ಸೈಕಲ್ ಪಟುಗಳು ಆ ನೆಲದವರೇ.

ಈ ಸವಾರರಿಗೆ ಬೇಕಾಗುವ ಸಾಮಗ್ರಿಗಳನ್ನು ಸ್ಪರ್ಧೆ ನಡೆಯುವ ಸ್ಥಳದಲ್ಲಿಯೇ ಮಳಿಗೆ ಹಾಕಿ ಮಾರುವುದು ಗ್ರಾಮಾಂತರದ ಸೈಕಲ್ ವ್ಯಾಪಾರಿಗೆ ತೆರೆದಿರುವ ಒಂದು ಹೊಸ ದಾರಿ. ನಮ್ಮಲ್ಲಿ ‘ಸೈಕಲ್ ಗೇರ್’ ಎಂದರೆ ಹಲ್ಲುಚಕ್ರ ಮತ್ತು ಚೈನಿನ ಗೇರು ಎಂದೇ ಅರ್ಥವಾಗುವುದರಿಂದ ಹೆಲ್ಮೆಟ್, ಕೈಗವಸು, ದೀಪ, ಜೆರ್ಸಿ, ಬಿಡಿ ಟ್ಯೂಬು ಮೊದಲಾದವುಗಳನ್ನು ಇಲ್ಲಿ ‘ಸವಾರಿ ಸಾಮಗ್ರಿ’ ಎಂದು ಕರೆಯಲಾಗಿದೆ. ದಾರಿ ಹೊಸದಾದರೂ ಅದರಲ್ಲಿನ ಅಪಾಯ ಹಳೆಯದೇ. ಒಂದೇ ದಿನದಲ್ಲಿ ಕೈಗೆ ಬರುವ ಹಣವನ್ನು ಲಾಭವೆಂದು ಎಣಿಸುವುದೇ ಆ ಅಪಾಯ.

ಯಾವ ಸರಕು, ಯಾವ ಹೊತ್ತು

ಸ್ಪರ್ಧೆಯ ಮಾರುಕಟ್ಟೆಗೆ ತನ್ನದೇ ಆದ ಗಡಿಯಾರವಿದೆ. ಹೆಚ್ಚಿನ ಮಾರಾಟ ನಡೆಯುವುದು ಸ್ಪರ್ಧೆಯ ದಿನವಲ್ಲ, ಅದರ ಹಿಂದಿನ ಸಂಜೆ. ಸವಾರರು ತಮ್ಮ ಅಂಕಿಯ ಪಟ್ಟಿ ಪಡೆಯಲು ಬರುವ ಹೊತ್ತು ಅದು. ಕೊಠಡಿಗೆ ಮರಳಿ ಚೀಲ ಜೋಡಿಸುವಾಗ ಬಿಡಿ ಟ್ಯೂಬು ಮರೆತದ್ದು, ಹಿಂದಿನ ದೀಪ ಹೊತ್ತದಿರುವುದು ಗಮನಕ್ಕೆ ಬರುತ್ತದೆ. ಮರುದಿನ ಮುಂಜಾನೆ ಐದೂವರೆಗೆ ಯಾರೂ ಜೆರ್ಸಿಯ ಬಣ್ಣ ನೋಡುತ್ತ ನಿಲ್ಲುವುದಿಲ್ಲ. ಆಗ ಬೇಕಾಗುವುದು ಗಾಳಿ, ಬ್ರೇಕ್ ಕೇಬಲಿನ ಬಿಗಿತ, ಗೇರು ಸರಿಪಡಿಸುವ ಕೈ. ಮುಗಿಸಿ ಬಂದವನಿಗೆ ಬೇಕಾಗುವುದು ನೀರು, ತಿಂಡಿ, ನೆರಳು. ಆದ್ದರಿಂದ ಭಾನುವಾರ ಬೆಳಿಗ್ಗೆ ಮಾತ್ರ ಮಳಿಗೆ ತೆರೆಯುವ ವ್ಯಾಪಾರಿಯು ಬಾಡಿಗೆಯನ್ನು ಪೂರ್ತಿ ತೆತ್ತು ಮಾರುಕಟ್ಟೆಯನ್ನು ಅರ್ಧ ಪಡೆದಂತಾಗುತ್ತದೆ.

ಸರಕಿನ ಆಯ್ಕೆಯಲ್ಲಿ ಮೊದಲು ಎಡವುವುದು ಜೆರ್ಸಿಯ ವಿಷಯದಲ್ಲಿ. ನೋಟಕ್ಕೆ ಆಕರ್ಷಕ, ತೂಗುಹಾಕಿದರೆ ಮಳಿಗೆಗೆ ಕಳೆ ಬರುತ್ತದೆ, ನಿಜ. ಆದರೆ ಅನೇಕ ಸ್ಪರ್ಧೆಗಳಲ್ಲಿ ಪ್ರವೇಶ ಶುಲ್ಕದೊಳಗೇ ಜೆರ್ಸಿ ಅಥವಾ ಟಿ-ಷರ್ಟು ಸೇರಿರುತ್ತದೆ. ಆಯೋಜಕರು ಕೊಟ್ಟುಬಿಟ್ಟಿರುವ ವಸ್ತುವನ್ನೇ ವ್ಯಾಪಾರಿ ಹಣಕ್ಕೆ ಮಾರಹೊರಟಂತೆ. ಮೇಲಾಗಿ ಐದು ಅಳತೆ, ನಾಲ್ಕು ಬಣ್ಣ ಎಂದರೆ ಇಪ್ಪತ್ತು ಬಗೆಯ ದಾಸ್ತಾನು. ಕೊನೆಗೆ ಉಳಿಯುವುದು ಯಾರಿಗೂ ಆಗದ ಅಳತೆಗಳು.

ಟ್ಯೂಬು ಮತ್ತು ಟೈರುಗಳಲ್ಲಿ ತಪ್ಪು ಬೇರೆ ರೀತಿಯದು. ನಮ್ಮ ಊರುಗಳ ಸಾಮಾನ್ಯ ಸೈಕಲ್ಲಿನ ‘28 ಇಂಚು’ ಟೈರಿನ ಒಳವ್ಯಾಸ 635 ಮಿಲಿಮೀಟರ್. ರೇಸಿಂಗ್ ಸೈಕಲ್ಲಿನ ‘700-ಸಿ’ ಟೈರಿನದು 622. ವಿದೇಶಿ ತಯಾರಕರು ಈ 622ರ ಟೈರಿನ ಮೇಲೂ ಕೆಲವೊಮ್ಮೆ ‘28 ಇಂಚು’ ಎಂದೇ ಮುದ್ರಿಸುತ್ತಾರೆ. ಇಂಚಿನ ಲೆಕ್ಕದಲ್ಲಿ ಫೋನಿನ ಮೂಲಕ ಬೇಡಿಕೆ ಸಲ್ಲಿಸಿದ ವ್ಯಾಪಾರಿಗೆ ತಪ್ಪು ಟೈರು ಬಂದರೆ ಸಗಟುದಾರನನ್ನು ದೂರುವಂತಿಲ್ಲ. ‘29 ಇಂಚು’ ಎನ್ನುವ ಮೌಂಟನ್ ಸೈಕಲ್ಲಿನ ಅಳತೆಯೂ 622ರದೇ, 27.5 ಇಂಚಿನದು 584, ಹಳೆಯ 26 ಇಂಚಿನ ಮೌಂಟನ್ ಸೈಕಲ್ಲಿನದು 559. ಟೈರಿನ ಬದಿಯಲ್ಲಿ ‘28-622’ ಎಂಬಂತೆ ಮುದ್ರಿತವಾಗಿರುವ ಸಂಖ್ಯೆಯನ್ನೇ ದಾಸ್ತಾನು ಪುಸ್ತಕದಲ್ಲಿ ಬರೆದುಕೊಳ್ಳುವ ಅಂಗಡಿಯು ಈ ಗೊಂದಲದಿಂದ ಪಾರಾಗುತ್ತದೆ. ಹಾಗೆಯೇ ರೇಸಿಂಗ್ ಸೈಕಲ್ಲಿನ ತೆಳುವಾದ ‘ಪ್ರೆಸ್ಟಾ’ ವಾಲ್ವಿಗೆ ಪೆಟ್ರೋಲ್ ಬಂಕಿನ ಗಾಳಿ ಕೊಳವೆ ಕೂರುವುದಿಲ್ಲ. ಅದಕ್ಕೆ ಬೇಕಾಗುವ ಬೆರಳ ತುದಿಯಷ್ಟು ಹಿತ್ತಾಳೆಯ ಅಡಾಪ್ಟರು ಅಗ್ಗದ ವಸ್ತು, ಜಾಗ ಬೇಡದ ವಸ್ತು, ಹಳತಾಗದ ವಸ್ತು. ಮಳಿಗೆಯ ಮೇಜಿನ ಮೇಲೆ ಎದ್ದು ಕಾಣುವ ಸ್ಥಾನ ಸಲ್ಲಬೇಕಾದುದು ಇಂತಹವಕ್ಕೆ.

ಬ್ರೆವೆ ಸವಾರಿಗಳಲ್ಲಿ ಇನ್ನೊಂದು ಅನುಕೂಲವಿದೆ. ಮುಂದಿನ ಮತ್ತು ಹಿಂದಿನ ದೀಪ, ಬೆಳಕು ಹೊಳೆಯಿಸುವ ಮೇಲಂಗಿ ಮುಂತಾದವು ಅಲ್ಲಿ ಕಡ್ಡಾಯ. ಆಯೋಜಕರ ನಿಯಮಾವಳಿಯನ್ನು ಮೊದಲೇ ತರಿಸಿ ಓದಿದರೆ ಅದೇ ಬೇಡಿಕೆಯ ಅಂದಾಜು ಪಟ್ಟಿ.

ಒಂದು ದಿನದ ಖಾತೆ

ಉಡಿಗಾಲದಲ್ಲಿ ದುರಸ್ತಿ ಅಂಗಡಿಯುಳ್ಳ ವ್ಯಾಪಾರಿಯೊಬ್ಬನು ಮೈಸೂರಿನ ಒಂದು ಸ್ಪರ್ಧೆಗೆ 90,000 ರೂಪಾಯಿಯ ಸರಕಿನೊಡನೆ, ಒಬ್ಬ ಸಹಾಯಕನನ್ನು ಕರೆದುಕೊಂಡು, ಬಾಡಿಗೆಯ ಗೂಡ್ಸ್ ವಾಹನದಲ್ಲಿ ಹೋದನೆಂದು ಇಟ್ಟುಕೊಳ್ಳಬಹುದು. ಈ ಸರಕಿನಲ್ಲಿ 42,000 ರೂಪಾಯಿಯಷ್ಟು ಜೆರ್ಸಿಗಳೇ, ಅಂದರೆ ತಲಾ 700 ರೂಪಾಯಿಯ 60 ಜೆರ್ಸಿಗಳು. ಇಲ್ಲಿನ ಅಂಕಿಗಳೆಲ್ಲ ಪಾಠಕ್ಕಾಗಿ ಕಲ್ಪಿಸಿದವು. ಸರಳತೆಗಾಗಿ ತೆರಿಗೆಯನ್ನು ಬಿಡಲಾಗಿದೆ.

ಟ್ಯೂಬು 24: ಮಾರಾಟ ರೂ. 8,400, ಅಸಲು ರೂ. 6,240
ಕೈಗವಸು 12 ಜೊತೆ: ಮಾರಾಟ ರೂ. 4,800, ಅಸಲು ರೂ. 3,360
ದೀಪ 6 ಜೊತೆ: ಮಾರಾಟ ರೂ. 3,600, ಅಸಲು ರೂ. 2,700
ಬಾಟಲಿ, ತೇಪೆ, ಎಣ್ಣೆ, ಅಡಾಪ್ಟರು: ಮಾರಾಟ ರೂ. 4,000, ಅಸಲು ರೂ. 2,600
ಜೆರ್ಸಿ 5: ಮಾರಾಟ ರೂ. 4,750, ಅಸಲು ರೂ. 3,500
ಒಟ್ಟು: ಮಾರಾಟ ರೂ. 25,550, ಅಸಲು ರೂ. 18,400, ಸ್ಥೂಲ ಲಾಭ ರೂ. 7,150

ಇದರೊಡನೆ 35 ಸವಾರರಿಗೆ ತಲಾ 100 ರೂಪಾಯಿಯಂತೆ ಮಾಡಿದ ದುರಸ್ತಿಯಿಂದ 3,500 ರೂಪಾಯಿ ಬಂದಿದೆ. ಅದಕ್ಕೆ ತಗಲಿದ ಕೇಬಲು, ತೇಪೆ ಮೊದಲಾದವು 400 ರೂಪಾಯಿ, ಉಳಿದದ್ದು 3,100. ಸಂಜೆ ಫೋನಿನಲ್ಲಿಯೂ ಗಲ್ಲಾಪೆಟ್ಟಿಗೆಯಲ್ಲಿಯೂ ಸೇರಿ 29,050 ರೂಪಾಯಿ ಕಾಣುತ್ತದೆ. ಉಡಿಗಾಲದ ಅಂಗಡಿಯಲ್ಲಿ ವಾರವಿಡೀ ಕುಳಿತರೂ ಕಾಣದ ಮೊತ್ತ. ವ್ಯಾಪಾರಿ ಸಂತೋಷದಿಂದಲೇ ಊರಿಗೆ ಮರಳುತ್ತಾನೆ.

ಈಗ ಖರ್ಚಿನ ಕಡೆ. ಮಳಿಗೆ ಶುಲ್ಕ 3,000, ವಾಹನ 2,800, ಸಹಾಯಕನ ಕೂಲಿ 1,200, ಊಟ ಮತ್ತು ರಾತ್ರಿ ವಾಸ್ತವ್ಯ 900, ಮೇಜು, ಚಪ್ಪರ, ಸ್ಟ್ಯಾಂಡುಗಳ ಸವಕಳಿ 300. ಒಟ್ಟು 8,200. ಸ್ಥೂಲ ಲಾಭ ಮತ್ತು ದುರಸ್ತಿ ಆದಾಯ ಸೇರಿದ 10,250 ರೂಪಾಯಿಯಲ್ಲಿ ಇದನ್ನು ಕಳೆದರೆ 2,050 ಉಳಿಯುತ್ತದೆ. ಬಹುಮಂದಿ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಶನಿವಾರ, ಭಾನುವಾರ ಎರಡು ದಿನ ಊರಿನ ಅಂಗಡಿ ಮುಚ್ಚಿತ್ತು. ದಿನಕ್ಕೆ 800 ರೂಪಾಯಿಯಂತೆ 1,600 ರೂಪಾಯಿ ಸಂಪಾದನೆ ಕೈತಪ್ಪಿದೆ. ಉಳಿದದ್ದು 450. ಈ ಸರಕನ್ನು ಹೊಂದಿಸಲು ಸ್ಪರ್ಧೆಯ ಮುಂಚೆ ಒಂದು ತಿಂಗಳು 90,000 ರೂಪಾಯಿ ತೊಡಗಿಸಲಾಗಿತ್ತು. ವರ್ಷಕ್ಕೆ ಶೇಕಡಾ 12ರಂತೆ ಅದರ ಬಡ್ಡಿ 900 ರೂಪಾಯಿ. ಅಲ್ಲಿಗೆ 29,050 ರೂಪಾಯಿಯ ಸಂಭ್ರಮವು 450 ರೂಪಾಯಿಯ ನಷ್ಟವಾಗಿ ಕೊನೆಗೊಂಡಿತು. ದುರಸ್ತಿಯ 3,100 ರೂಪಾಯಿ ಇಲ್ಲದಿದ್ದರೆ ನಷ್ಟ 3,550.

ಮುಚ್ಚಿದ ಅಂಗಡಿಯ ನಷ್ಟ ಮತ್ತು ಸ್ವಂತ ಹಣದ ಬಡ್ಡಿ, ಇವೆರಡನ್ನೂ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ತೋರಿಸಲಾಗದು. ಸಾಲ ತಂದ ಹಣಕ್ಕೆ ಕೊಟ್ಟ ಬಡ್ಡಿಯ ಮಾತು ಬೇರೆ. ಆದರೆ ಮುಂದಿನ ತಿಂಗಳ ಸ್ಪರ್ಧೆಗೆ ಹೋಗಬೇಕೇ ಬೇಡವೇ ಎಂಬ ತೀರ್ಮಾನಕ್ಕೆ ಇವೆರಡೂ ಬೇಕೇ ಬೇಕು. ಬಿ.ಕಾಂ. ಪಠ್ಯದ ‘ಕನ್ಸೈನ್‌ಮೆಂಟ್ ಖಾತೆ’ಯನ್ನು ನೆನಪಿಟ್ಟವರಿಗೆ ಇದು ಅದೇ ಪದ್ಧತಿ: ಪ್ರತಿಯೊಂದು ಸ್ಪರ್ಧೆಗೂ ಪ್ರತ್ಯೇಕ ಪುಟ, ಹೋದ ಸರಕು ಖರ್ಚಿನ ಬದಿಗೆ, ಮಾರಿದ್ದೂ ಮರಳಿದ್ದೂ ಜಮೆಯ ಬದಿಗೆ.

ಇದೇ ಪುಟವು ಪರಿಹಾರವನ್ನೂ ತೋರಿಸುತ್ತದೆ. ಜೆರ್ಸಿಯನ್ನು ಸಂಪೂರ್ಣ ಕೈಬಿಟ್ಟರೆ 1,250 ರೂಪಾಯಿ ಸ್ಥೂಲ ಲಾಭ ಹೋಗುತ್ತದೆ. ಆದರೆ ಉಳಿದ 48,000 ರೂಪಾಯಿಯ ಸರಕು ಎರಡು ಪೆಟ್ಟಿಗೆಗಳಲ್ಲಿ ಹಿಡಿಯುವುದರಿಂದ ಬಸ್ಸಿನಲ್ಲಿಯೇ ಸಾಗಿಸಬಹುದು. ಸಾಗಣೆ ವೆಚ್ಚ 2,800ರಿಂದ 900ಕ್ಕೆ ಇಳಿಯುತ್ತದೆ, ಬಡ್ಡಿ 900ರಿಂದ 480ಕ್ಕೆ. ಫಲಿತಾಂಶ 620 ರೂಪಾಯಿ ಲಾಭ. ತೂಗುಹಾಕುವ ಸರಕಿಲ್ಲದ ಕಾರಣ 2,000 ರೂಪಾಯಿಯ ಚಿಕ್ಕ ಮಳಿಗೆ ಸಾಕಾದರೆ 1,620. ಕಡಿಮೆ ಮಾರಿ ಹೆಚ್ಚು ಉಳಿಸಿದಂತಾಯಿತು. ಮರಳಿ ತಂದ 55 ಜೆರ್ಸಿಗಳನ್ನು ಮುಂದೆ ರಿಯಾಯಿತಿಯಲ್ಲಿ ಸುರಿಯಬೇಕಾಗಿ ಬರುವ ನಷ್ಟವನ್ನು ಈ ಲೆಕ್ಕದಲ್ಲಿ ಸೇರಿಸಿಯೇ ಇಲ್ಲ.

ಆದರೂ ಮುಖ್ಯ ಬದಲಾವಣೆ ಸಾಧ್ಯವಿರುವುದು ಸರಕಿನಲ್ಲಲ್ಲ, ಒಪ್ಪಂದದಲ್ಲಿ. ಆಯೋಜಕರಿಗೆ ಸ್ಪರ್ಧೆಯ ದಿನ ನುರಿತ ಮೆಕ್ಯಾನಿಕ್ ಬೇಕೇ ಬೇಕು. ಮಳಿಗೆಗಾಗಿ ಅರ್ಜಿ ಹಾಕುವ ವ್ಯಾಪಾರಿ ಶುಲ್ಕ ತೆರುತ್ತಾನೆ, ಮೆಕ್ಯಾನಿಕ್ ಸೇವೆಯ ಪ್ರಸ್ತಾವ ಸಲ್ಲಿಸುವವನು ಶುಲ್ಕದ ವಿನಾಯಿತಿ ಕೇಳುವ ಸ್ಥಾನದಲ್ಲಿರುತ್ತಾನೆ. ಎಷ್ಟು ಗಂಟೆ, ಎಷ್ಟು ಜನ ಮೆಕ್ಯಾನಿಕ್‌ಗಳು, ಬಿಡಿಭಾಗದ ಬೆಲೆ ಯಾರದು, ಮಳೆಯಿಂದ ಸ್ಪರ್ಧೆ ರದ್ದಾದರೆ ಎಷ್ಟು ಹಣ, ಇಷ್ಟನ್ನು ಒಂದು ಪುಟದಲ್ಲಿ ಬರೆಸಿಕೊಂಡು ಸಹಿ ಪಡೆಯತಕ್ಕದ್ದು. ಇಪ್ಪತ್ತು ವರ್ಷ ಪಂಕ್ಚರ್ ಹಾಕಿದ ಕೈಗೆ ಇರುವ ಬೆಲೆಯನ್ನು ಆ ಕೈಯ ಒಡೆಯನೇ ಅರಿಯದಿರುವುದು ನಮ್ಮ ಕಿರು ವ್ಯಾಪಾರದ ದೊಡ್ಡ ಕೊರತೆ.

ನಲವತ್ತು ಲಕ್ಷವೋ, ಇಪ್ಪತ್ತು ಲಕ್ಷವೋ?

ಇಲ್ಲಿಯೇ ತೆರಿಗೆಯ ಒಂದು ಸೂಕ್ಷ್ಮ ಎದುರಾಗುತ್ತದೆ. 2019ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ವಾರ್ಷಿಕ 40 ಲಕ್ಷ ರೂಪಾಯಿ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಆ ಸೌಲಭ್ಯ ಇರುವುದು ಸರಕನ್ನು ಮಾತ್ರ ಮಾರುವವರಿಗೆ. ದುರಸ್ತಿ ಎಂಬುದು ಸೇವೆ. ಸರಕಿನೊಡನೆ ಸೇವೆಯನ್ನೂ ನೀಡುವ ವ್ಯಾಪಾರಿಗೆ ಮಿತಿ 20 ಲಕ್ಷ, ಅದೂ ಎರಡರ ಒಟ್ಟು ವಹಿವಾಟಿನ ಮೇಲೆ. ದುರಸ್ತಿಯ ಪಾಲು ಎಷ್ಟೇ ಸಣ್ಣದಾದರೂ ಅದನ್ನು ಮರೆತು 40 ಲಕ್ಷದವರೆಗೆ ನಿಶ್ಚಿಂತೆಯಿಂದಿರುವುದು ಸಲ್ಲದು.

ನೋಂದಣಿಯ ಬಳಿಕ ರಾಜಿ ತೆರಿಗೆ ಪದ್ಧತಿಯನ್ನು ಆರಿಸಿಕೊಂಡರೆ ವ್ಯಾಪಾರಿಯು ವಹಿವಾಟಿನ ಮೇಲೆ ಶೇಕಡಾ 1ರಷ್ಟು ಮಾತ್ರ ಕಟ್ಟುತ್ತಾನೆ. ಆದರೆ ಗಿರಾಕಿಯಿಂದ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ, ಖರೀದಿಯ ಮೇಲಿನ ಹೂಡುವಳಿ ತೆರಿಗೆಯ ಜಮೆಯೂ ದೊರೆಯದು. ಸಾಮಾನ್ಯ ಪದ್ಧತಿಯಲ್ಲಿರುವವರು ದರಗಳನ್ನು ಬಿಡಿಬಿಡಿಯಾಗಿ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ದರ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಉಡುಪಿಗೆ ಬೆಲೆಯೇ ಗಡಿ: ಒಂದಕ್ಕೆ 2,500 ರೂಪಾಯಿಯವರೆಗೆ ಶೇಕಡಾ 5, ಮೀರಿದರೆ 18. ಹೆಲ್ಮೆಟ್ಟು ಸೈಕಲ್ಲಿನ ಬಿಡಿಭಾಗವಲ್ಲ, ಅದು ಬೇರೆ ಶೀರ್ಷಿಕೆಯದು. ಎಲ್ಲವನ್ನೂ ‘ಸೈಕಲ್ ಸಾಮಾನು’ ಎಂದು ಒಂದೇ ದರದಲ್ಲಿ ಬಿಲ್ಲು ಬರೆದರೆ ವ್ಯತ್ಯಾಸದ ಹಣ ವ್ಯಾಪಾರಿಯ ಜೇಬಿನಿಂದ ಹೋಗುತ್ತದೆ.

ಸ್ಪರ್ಧೆಯ ಬಯಲಿನಲ್ಲಿ ನಗದು ಅಪರೂಪ, ಸವಾರ ಫೋನೊಂದನ್ನೇ ಜೇಬಿನಲ್ಲಿಟ್ಟು ಬರುತ್ತಾನೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಸ್ವೀಕರಿಸಿದ ಮೊತ್ತಗಳನ್ನು ಆಧರಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿದ್ದನ್ನು ಯಾರೂ ಮರೆತಿರಲಾರರು. ಆಗ ಬಹುಮಂದಿ ಸಿಲುಕಿದ್ದು ತೆರಿಗೆ ತಪ್ಪಿಸಿದ ಕಾರಣಕ್ಕಲ್ಲ, ಖಾತೆಗೆ ಬಂದ ಹಣದಲ್ಲಿ ವ್ಯಾಪಾರದ್ದೆಷ್ಟು, ನೆಂಟರು ಕಳುಹಿಸಿದ್ದೆಷ್ಟು, ಕೈಸಾಲವೆಷ್ಟು ಎಂದು ಬಿಡಿಸಿ ತೋರಿಸಲು ಕಾಗದವಿಲ್ಲದ ಕಾರಣಕ್ಕೆ. ವ್ಯಾಪಾರಕ್ಕೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ, ಅದಕ್ಕೆ ಜೋಡಿಸಿದ ಒಂದೇ ಕ್ಯೂಆರ್ ಫಲಕ ಇರುವುದು ಅಗತ್ಯ. ನೆಟ್‌ವರ್ಕ್ ಸಿಗದೆಂದು ಸಹಾಯಕನ ಫೋನಿಗೆ ಹಣ ಹಾಕಿಸಿಕೊಂಡರೆ ಅದು ಆ ಹುಡುಗನ ವಹಿವಾಟಾಗಿ ದಾಖಲಾಗುತ್ತದೆ. ದಿನಗೂಲಿಗೆ ಬಂದವನಿಗೆ ನಾಳೆ ನೋಟಿಸು ಬಂದರೆ ಉತ್ತರ ಹೇಳುವವರಾರು?

ಗಡಿ ದಾಟಿದರೆ

ಗುಂಡ್ಲುಪೇಟೆಯ ವ್ಯಾಪಾರಿಗೆ ಊಟಿಯೂ ಸುಲ್ತಾನ್ ಬತ್ತೇರಿಯೂ ಬೆಂಗಳೂರಿಗಿಂತ ಹತ್ತಿರ. ಆದರೆ ತೆರಿಗೆಯ ದೃಷ್ಟಿಯಲ್ಲಿ ಅವು ಬಲುದೂರ. ಮೈಸೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಮಳಿಗೆ ಹಾಕಿದರೆ ಪ್ರತ್ಯೇಕ ನೋಂದಣಿ ಬೇಕಿಲ್ಲ. ತಮಿಳುನಾಡು ಅಥವಾ ಕೇರಳದಲ್ಲಿ ಸ್ಥಿರವಾದ ವ್ಯಾಪಾರ ಸ್ಥಳವಿಲ್ಲದೆ ಒಂದು ದಿನ ಮಳಿಗೆ ಹಾಕುವವನನ್ನು 2017ರ ಜಿಎಸ್‌ಟಿ ಕಾಯ್ದೆಯು ‘ಸಾಂದರ್ಭಿಕ ತೆರಿಗೆದಾರ’ ಎಂದು ಪರಿಗಣಿಸುತ್ತದೆ. ಕಲಂ 24ರ ಪ್ರಕಾರ ಆತನಿಗೆ ನೋಂದಣಿ ಕಡ್ಡಾಯ. ಅಲ್ಲಿ 40 ಲಕ್ಷ, 20 ಲಕ್ಷಗಳ ಮಾತೇ ಇಲ್ಲ, ಮೊದಲ ರೂಪಾಯಿಯಿಂದಲೇ ತೆರಿಗೆ. ವ್ಯಾಪಾರ ಆರಂಭಿಸುವ ಕನಿಷ್ಠ 5 ದಿನ ಮುಂಚೆ ಅರ್ಜಿ ಸಲ್ಲಿಸಿ, ಅಂದಾಜು ತೆರಿಗೆಯನ್ನು ಮುಂಗಡ ಕಟ್ಟಬೇಕು. ನೋಂದಣಿಯ ಅವಧಿ 90 ದಿನ, ಮತ್ತೆ 90 ದಿನ ವಿಸ್ತರಿಸಲು ಅವಕಾಶವುಂಟು. ಹೆಚ್ಚುವರಿ ಕಟ್ಟಿದ ಹಣ ಮರಳುವುದು ವಿವರಣ ಪತ್ರಗಳೆಲ್ಲ ಸಲ್ಲಿಕೆಯಾದ ಬಳಿಕವೇ. ಆವರೆಗೆ ಅದೂ ಬಂಡವಾಳವೇ.

ರಾಜಿ ತೆರಿಗೆಯಲ್ಲಿರುವವರು ಹೊರರಾಜ್ಯಕ್ಕೆ ಸರಕು ಮಾರುವಂತೆಯೇ ಇಲ್ಲ. ನೋಂದಣಿಯಿಲ್ಲದವರು ಊಟಿಯ ಅಂಗಡಿಗೆ ಸರಕು ಕಳುಹಿಸಿ ಮಾರಿಸುತ್ತೇವೆಂದರೆ ಅದು ಅಂತರರಾಜ್ಯ ಮಾರಾಟವಾಗಿ ಮತ್ತೆ ಕಡ್ಡಾಯ ನೋಂದಣಿಗೇ ಬಂದು ನಿಲ್ಲುತ್ತದೆ. ಸರಕಿನ ಮೌಲ್ಯ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ಲು ಜೊತೆಯಲ್ಲಿರಬೇಕು. ಮಾರಾಟವಾಗದೆ ಮರಳುವ ಸರಕಿಗೂ ಕಾಗದ ಬೇಕೆಂಬುದನ್ನು ಅನೇಕರು ಚೆಕ್‌ಪೋಸ್ಟಿನಲ್ಲಿಯೇ ಕಲಿಯುತ್ತಾರೆ.

ಇನ್ನು ಕಾಡಿನ ನಿಯಮಗಳು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಊಟಿಯಲ್ಲಿ ಸಂಜೆಯ ಬಹುಮಾನ ವಿತರಣೆ ಮುಗಿಸಿ ಮಳಿಗೆ ಕಟ್ಟಿದರೆ ಅದೇ ರಾತ್ರಿ ಊರು ಸೇರುವುದು ಕಷ್ಟಸಾಧ್ಯ. ಇನ್ನೊಂದು ರಾತ್ರಿಯ ವಾಸ್ತವ್ಯ, ಸೋಮವಾರ ಅರ್ಧ ದಿನ ಮುಚ್ಚಿದ ಅಂಗಡಿ, ಎರಡೂ ಖಾತೆಗೆ ಬರಬೇಕು. ಅರಣ್ಯದೊಳಗೆ ರಸ್ತೆಬದಿಯಲ್ಲಿ ವಾಹನ ನಿಲ್ಲಿಸಿ ಮಾರುವ ಆಲೋಚನೆಯನ್ನೂ ಮಾಡುವಂತಿಲ್ಲ. ನೀಲಗಿರಿ ಜಿಲ್ಲೆಯಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ನಿಷಿದ್ಧ. ಒಂದೊಂದು ಟ್ಯೂಬನ್ನೂ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಳುಹಿಸುವ ಸಗಟುದಾರರ ಸರಕನ್ನು ಊರಿನಲ್ಲಿಯೇ ಬಿಚ್ಚಿ ಕಾಗದದ ಪೊಟ್ಟಣಕ್ಕೆ ಹಾಕಿಕೊಳ್ಳುವುದು ಲೇಸು. 2024ರ ಮೇ ತಿಂಗಳಿನಲ್ಲಿ ಜಾರಿಗೆ ಬಂದ ಇ-ಪಾಸ್ ವ್ಯವಸ್ಥೆಯನ್ನೂ ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು.

ಈ ವೆಚ್ಚಗಳನ್ನು ಮೇಲಿನ ಮೈಸೂರಿನ ಪುಟಕ್ಕೆ ಸೇರಿಸಿ ನೋಡಿದರೆ, ವರ್ಷಕ್ಕೊಮ್ಮೆ ಊಟಿಗೆ ಹೋಗುವ ವ್ಯಾಪಾರಿಗೆ ಸಾಮಾನು ಮಾರಾಟ ಹೊರೆಯೇ ಆಗುತ್ತದೆ. ಆತನು ಗುಂಡ್ಲುಪೇಟೆಯಲ್ಲಿಯೇ, ಸವಾರರು ಕಾಡನ್ನು ಪ್ರವೇಶಿಸುವ ಮುಂಚಿನ ವಿಶ್ರಾಂತಿ ಸ್ಥಳದಲ್ಲಿ ಆಯೋಜಕರ ಅನುಮತಿ ಪಡೆದು ಪಂಪು, ಟ್ಯೂಬು, ಕೇಬಲ್ಲುಗಳೊಡನೆ ಕೂರುವುದು ಹೆಚ್ಚು ಲಾಭಕರ. ಅಲ್ಲಿಗೆ ವಾಹನ ಬಾಡಿಗೆ ಅತ್ಯಲ್ಪ, ನೋಂದಣಿಯ ತೊಡಕಿಲ್ಲ, ಮಧ್ಯಾಹ್ನದ ಹೊತ್ತಿಗೆ ಉಡಿಗಾಲದ ಅಂಗಡಿಯ ಬಾಗಿಲನ್ನೂ ತೆರೆಯಬಹುದು.

ಎಲ್ಲಿಗೇ ಹೋಗಿ ಬಂದರೂ ಮರುದಿನ ಬೆಳಿಗ್ಗೆ ಪೆಟ್ಟಿಗೆಯ ಸರಕು ಗೋಡೆಯ ಮೊಳೆಗಳನ್ನು ಸೇರುವ ಮುಂಚೆ ಎಣಿಕೆ ನಡೆಯಬೇಕು. ಹೋದ ಪಟ್ಟಿ, ಮಾರಿದ ಬಿಲ್ಲುಗಳು, ಮರಳಿದ ಸರಕು, ಈ ಮೂರೂ ತಾಳೆಯಾಗದಿದ್ದರೆ ಕಾರಣವನ್ನು ಅದೇ ದಿನ ಹುಡುಕಬೇಕು. ಸರಕು ಒಮ್ಮೆ ಅಂಗಡಿಯ ದಾಸ್ತಾನಿನೊಡನೆ ಬೆರೆತ ಮೇಲೆ ಆ ಪುಟವನ್ನು ಯಾವ ಲೆಕ್ಕಪರಿಶೋಧಕನೂ ತುಂಬಿಕೊಡಲಾರನು.